ಒಂದು ವಿಮಾನದ ಬಾಳು

ಅರಸರ ಚರಿತ್ರೆಯನ್ನು ಬರೆದವರು ಅನೇಕರು. ಕಾವ್ಯಗಳ, ದೇವಾಲಯಗಳ, ಮಠಮಾನ್ಯಗಳ ಚರಿತ್ರೆಯನ್ನು ಬರೆದವರಿಗೂ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಮನುಷ್ಯನು ತನ್ನ ಕೈಯಿಂದ ಮಾಡಿದ ಒಂದು ವಸ್ತು ಹೇಗೆ ಹುಟ್ಟಿತು, ಯಾರ ಹಟದಿಂದ ಬೆಳೆಯಿತು, ಯಾರ ಕೈಯಿಂದ ಯಾರ ಕೈಗೆ ದಾಟಿತು, ಕೊನೆಗೆ ಎಂದು ನಿಂತಿತು ಎಂಬುದನ್ನು ಆದ್ಯಂತವಾಗಿ ತಿಳಿಯುವ ಅವಕಾಶ ಸಾಮಾನ್ಯ ಓದುಗನಿಗೆ ದೊರೆಯುವುದು ವಿರಳ. ವಸ್ತುವಿಗೂ ಬಾಲ್ಯವಿದೆ, ಯೌವನವಿದೆ, ಮುಪ್ಪಿದೆ. ಅದಕ್ಕೂ ತಂದೆತಾಯಿಗಳಿದ್ದಾರೆ, ದಾಯಾದಿಗಳಿದ್ದಾರೆ. ಅಂಥ ಒಂದು ವಸ್ತುವಿನ ಬಾಳನ್ನು ನಾವು ಕೆಲವು ವರ್ಷಗಳಿಂದ ಆಸಕ್ತಿಯಿಂದ ಅಭ್ಯಾಸ ಮಾಡುತ್ತ ಬಂದಿದ್ದೇವೆ. ಅದರಿಂದ ನಮ್ಮ ಮನೆಯ ಒಂದು ಕಠಿಣ ಪ್ರಶ್ನೆಗೂ ಬೆಳಕು ದೊರೆತ ಕಾರಣ, ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ಆ ವಸ್ತು ಒಂದು ವಿಮಾನ. ಅದರ ಹೆಸರು ಲಿಯರ್‌ಜೆಟ್. ನೂರಾರು ಜನರನ್ನು ಹೊತ್ತೊಯ್ಯುವ ದೊಡ್ಡ ವಿಮಾನವಲ್ಲ. ಆರೆಂಟು ಜನ ಕುಳಿತು ತಮಗೆ ಬೇಕಾದ ಹೊತ್ತಿಗೆ, ಬೇಕಾದ ಊರಿಗೆ ಹೋಗಿಬರಲು ಅನುಕೂಲವಾದ ಚಿಕ್ಕ ವಿಮಾನ. ಬಿಸಿನೆಸ್ ಜೆಟ್ ಎಂದು ಜನ ಕರೆಯುವುದು ಇಂಥವುಗಳನ್ನೇ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಹಳಗನ್ನಡವನ್ನೂ ಓದಿ ಬೆಳೆದ ನಮಗೂ ಸಿರಿವಂತರು ಏರುವ ಈ ವಾಹನಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರ ನಮ್ಮ ಅಣ್ಣನವರ ಮನೆಯಲ್ಲಿದೆ.

ನಮ್ಮ ಅಣ್ಣನವರು ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಗೋವಿನಜೋಳದ ರಾಶಿ ಯಂತ್ರಗಳನ್ನು ಮಾಡುವ ಒಂದು ಸಣ್ಣ ವರ್ಕ್‌ಶಾಪನ್ನು ನಡೆಸುತ್ತಿದ್ದರು. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ತಂದೆಯ ಜೊತೆಯಲ್ಲಿಯೇ ವರ್ಕ್‌ಶಾಪಿಗೆ ನಿಂತನು. ಕಿರಿಯವನು ಎಂಜಿನಿಯರಿಂಗ್ ಓದಿ ಅಮೆರಿಕೆಯ ಕಾನ್ಸಾಸ್ ರಾಜ್ಯದ ವಿಚಿಟಾ ನಗರಕ್ಕೆ ಹೋಗಿ, ವಿಮಾನಗಳ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. 2018ರಲ್ಲಿ ನಾವು ಅವನ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದೆವು. ವಿಚಿಟಾ ಎಂದರೆ ಕಣ್ಣು ಹಾಯುವಷ್ಟು ದೂರ ಸಪಾಟಾದ ಗೋದಿಯ ಬಯಲು. ನಮ್ಮ ನವಲಗುಂದದ ಎರೆಭೂಮಿಯನ್ನು ಕಂಡವರಿಗೆ ಅದು ಪರಕೀಯವೆನಿಸುವುದಿಲ್ಲ. ಆ ಬಯಲಿನ ನಡುವೆ ಸೆಸ್ನಾ, ಬೀಚ್‌ಕ್ರಾಫ್ಟ್, ಲಿಯರ್‌ಜೆಟ್ ಮೊದಲಾದ ವಿಮಾನಗಳು ಹುಟ್ಟಿದುವು. ಆ ಊರಿನವರು ತಮ್ಮ ಊರನ್ನು ಜಗತ್ತಿನ ವಿಮಾನ ರಾಜಧಾನಿಯೆಂದೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ನಮ್ಮ ಹುಡುಗನು ಒಂದು ಚಿಕ್ಕ ವಿಮಾನದ ಮುಂದೆ ನಮ್ಮನ್ನು ನಿಲ್ಲಿಸಿ, “ಕಾಕಾ, ಇದರ ಕತಿ ನೀವು ಕೇಳಬೇಕ್ರಿ” ಎಂದನು. ಅಂದು ಕೇಳಿದ ಕಥೆಯನ್ನು ಮುಂದೆ ಗ್ರಂಥಗಳಿಂದ ವಿಸ್ತರಿಸಿಕೊಂಡೆವು.

ಈ ವಿಮಾನದ ಜನಕ ವಿಲಿಯಂ ಲಿಯರ್. ಬಿಲ್ ಲಿಯರ್ ಎಂಬುದೇ ರೂಢಿಯ ಹೆಸರು. 1902ರಲ್ಲಿ ಮಿಸ್ಸೌರಿ ರಾಜ್ಯದ ಹ್ಯಾನಿಬಲ್ ಎಂಬ ಊರಿನಲ್ಲಿ ಹುಟ್ಟಿದ ಈತನ ಶಾಲಾವಿದ್ಯೆ ಎಂಟನೆಯ ಇಯತ್ತೆಗೆ ಮುಗಿಯಿತು. ಮುಂದಿನದೆಲ್ಲ ಸ್ವಯಾರ್ಜಿತ. ಮೋಟಾರುಗಾಡಿಗಳಲ್ಲಿ ಕೂಡಿಸುವ ರೇಡಿಯೋವನ್ನು ರೂಪಿಸಿದವರಲ್ಲಿ ಈತನೂ ಒಬ್ಬನು. ವಿಮಾನಗಳಿಗೆ ದಾರಿ ತೋರುವ ರೇಡಿಯೋ ಉಪಕರಣಗಳನ್ನು ಮಾಡಿದನು. ಜೆಟ್ ವಿಮಾನಗಳನ್ನು ತಾನೇ ತಾನಾಗಿ ನಡೆಸುವ ಆಟೋಪೈಲಟ್ ಯಂತ್ರವನ್ನು ರೂಪಿಸಿ, ಅಮೆರಿಕೆಯ ವಿಮಾನ ಕ್ಷೇತ್ರದಲ್ಲಿ ಅತ್ಯಂತ ಗೌರವದ್ದೆನಿಸಿದ ಕಾಲಿಯರ್ ಪ್ರಶಸ್ತಿಯನ್ನು 1949ನೆಯ ಸಾಲಿಗೆ ಪಡೆದನು. ಹಾಡು ಕೇಳುವ ಎಂಟು ಜಾಡಿನ ಟೇಪನ್ನು 1960ರ ದಶಕದಲ್ಲಿ ಜನಪ್ರಿಯಗೊಳಿಸಿದವನೂ ಈತನೇ. ಈತನ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟುಗಳಿದ್ದುವು. ಇಷ್ಟು ಸಾಧಿಸಿದ ಮನುಷ್ಯನು ಐವತ್ತೆಂಟರ ವಯಸ್ಸಿನಲ್ಲಿ, ಬೇರೆಯವರು ವಿಶ್ರಾಂತಿಯ ಮಾತನಾಡುವ ಹೊತ್ತಿನಲ್ಲಿ, ಹಿಂದೆಂದೂ ಮಾಡದಿದ್ದ ಒಂದು ಕೆಲಸಕ್ಕೆ ಕೈಹಾಕಿದನು: ಹೊಸದಾಗಿ ಒಂದು ಇಡಿಯ ವಿಮಾನವನ್ನೇ ಕಟ್ಟುವುದು.

ಬಿಸಿನೆಸ್ ಜೆಟ್ಟುಗಳು ಅದಕ್ಕಿಂತ ಮೊದಲು ಇರಲಿಲ್ಲವೆಂದಲ್ಲ. ಲಾಕ್‌ಹೀಡ್ ಕಂಪನಿಯ ಜೆಟ್‌ಸ್ಟಾರ್ 1957ರಲ್ಲಿಯೂ ನಾರ್ತ್ ಅಮೆರಿಕನ್ ಕಂಪನಿಯ ಸೇಬರ್‌ಲೈನರ್ 1958ರಲ್ಲಿಯೂ ಹಾರಿದ್ದುವು. ಆದರೆ ಅವೆರಡರ ಹಿಂದೆಯೂ ಅಮೆರಿಕೆಯ ವಾಯುಪಡೆಯ ಅಗತ್ಯಗಳಿದ್ದುವು. ಅವು ಭಾರದಲ್ಲಿಯೂ ಬೆಲೆಯಲ್ಲಿಯೂ ದೊಡ್ಡವು. ಚಿಕ್ಕದಾದ, ಹಗುರಾದ, ದೊಡ್ಡ ವಿಮಾನಗಳಿಗೆ ಸಮನಾಗಿ ಓಡುವ ಜೆಟ್ಟನ್ನು ಒಂದು ಸಾಧಾರಣ ಕಂಪನಿಯೂ ಕೊಳ್ಳುವಂತಾಗಬೇಕು ಎಂಬುದು ಲಿಯರನ ಹಂಬಲ. ಆತನ ಸ್ವಂತ ಕಂಪನಿಯ ನಿರ್ದೇಶಕರೇ ಇದಕ್ಕೆ ಒಪ್ಪಲಿಲ್ಲ. ಒಪ್ಪದಿದ್ದಾಗ ಆತನು ಆ ಕಂಪನಿಯಲ್ಲಿದ್ದ ತನ್ನ ಪಾಲನ್ನು ಮಾರಿಬಿಟ್ಟನು. 1962ರಲ್ಲಿ ಅದು ಸೀಗ್ಲರ್ ಎಂಬ ಕಂಪನಿಯಲ್ಲಿ ಸೇರಿ ಲಿಯರ್ ಸೀಗ್ಲರ್ ಆಯಿತು. ಮೂವತ್ತು ವರ್ಷ ಕಟ್ಟಿದ್ದನ್ನು ಬಿಟ್ಟು, ಬಂದ ಹಣವನ್ನು ಹೊಸ ವಿಮಾನಕ್ಕೆ ಸುರಿದನು.

ಇಲ್ಲಿಂದ ಕಥೆ ಸ್ವಿಟ್ಜರ್ಲೆಂಡಿಗೆ ತಿರುಗುತ್ತದೆ. ಆ ದೇಶದ ಕಾನ್‌ಸ್ಟನ್ಸ್ ಸರೋವರದ ದಂಡೆಯಲ್ಲಿ ಆಲ್ಟೆನ್‌ರೈನ್ ಎಂಬ ಊರಿದೆ. ಅಲ್ಲಿಯ ಎಫ್‌ಎಫ್‌ಎ ಎಂಬ ಕಾರ್ಖಾನೆಯು ಸ್ವಿಸ್ ಸೈನ್ಯಕ್ಕಾಗಿ ಪಿ-16 ಎಂಬ ಯುದ್ಧವಿಮಾನವನ್ನು ನಿರ್ಮಿಸಿತ್ತು. 1955ರ ಏಪ್ರಿಲಿನಲ್ಲಿ ಅದು ಮೊದಲ ಬಾರಿ ಹಾರಿತು. ಬೆಟ್ಟಗಳ ನಡುವಿನ ಗಿಡ್ಡ ಓಡುದಾರಿಗಳಿಂದ ಏಳಬೇಕಾದ ವಿಮಾನವಾದ್ದರಿಂದ ಅದರ ರೆಕ್ಕೆ ತೆಳ್ಳಗಿದ್ದರೂ ಬಹಳ ಗಟ್ಟಿ. ಆದರೆ ದುರ್ದೈವ! ಒಂದು ವಿಮಾನ 1955ರಲ್ಲಿ, ಇನ್ನೊಂದು 1958ರಲ್ಲಿ ಅದೇ ಸರೋವರಕ್ಕೆ ಬಿದ್ದುವು. ಚಾಲಕರು ಹೊರಜಿಗಿದು ಬದುಕಿದರು. ನೂರು ವಿಮಾನಗಳ ಬೇಡಿಕೆ ಕೊಟ್ಟಿದ್ದ ಸ್ವಿಸ್ ಸರ್ಕಾರ ಅದನ್ನು ರದ್ದುಪಡಿಸಿ, ಬ್ರಿಟನ್ನಿನ ಹಂಟರ್ ವಿಮಾನಗಳನ್ನು ಕೊಂಡಿತು. ಒಟ್ಟು ಐದೇ ಪಿ-16ಗಳು ನಿರ್ಮಾಣಗೊಂಡು, ವರ್ಷಗಟ್ಟಲೆಯ ದುಡಿಮೆ ಕಾಗದಗಳಲ್ಲಿ ಉಳಿಯಿತು.

ಆ ಹೊತ್ತಿಗೆ ಲಿಯರನ ಮಗ ಸ್ವಿಟ್ಜರ್ಲೆಂಡಿನಲ್ಲಿದ್ದನು. ಪಿ-16ನ್ನು ಸ್ವತಃ ಹಾರಿಸಿ ನೋಡಿದನು. ತಂದೆಗೂ ಅದರ ಗುಣ ಮನದಟ್ಟಾಯಿತು. ಜಗತ್ತು ಸೋತಿತೆಂದು ಬದಿಗಿಟ್ಟ ಯುದ್ಧವಿಮಾನದ ರೆಕ್ಕೆಯನ್ನೇ ತನ್ನ ವಿಮಾನಕ್ಕೆ ಆಧಾರವಾಗಿ ಲಿಯರನು ತೆಗೆದುಕೊಂಡನು. ಸ್ವಿಸ್ ಅಮೆರಿಕನ್ ಎಂಬ ಹೆಸರಿನ ಕಂಪನಿ ಸ್ಥಾಪನೆಯಾಯಿತು. ಪಿ-16ರ ಶಿಲ್ಪಿಯಾದ ಹಾನ್ಸ್ ಲುಟ್ಸಿಯಸ್ ಸ್ಟೂಡರ್ ಎಂಬ ಎಂಜಿನಿಯರನು ಈ ಕೆಲಸದಲ್ಲಿ ನೆರವಾದನು. ನಮ್ಮ ಹಿರಿಯರು ಹಳೆಯ ಮನೆ ಕೆಡವಿದಾಗ ಅದರ ತೊಲೆಗಳನ್ನು ಹೊಸ ಮನೆಗೆ ಬಳಸುತ್ತಿದ್ದರಲ್ಲವೆ? ಗಟ್ಟಿಯಾದ ಸಾಗವಾನಿ ತೊಲೆ ಮನೆ ಬಿದ್ದಿತೆಂದ ಮಾತ್ರಕ್ಕೆ ಸೌದೆಯಾಗುವುದಿಲ್ಲ. ಆ ರೆಕ್ಕೆಯ ಸಂಗತಿಯೂ ಹಾಗೆಯೇ.

ಯೂರೋಪಿನಲ್ಲಿ ಕೆಲಸ ನಿಧಾನವಾಗತೊಡಗಿತು. ಒಂದೊಂದು ಭಾಗ ಒಂದೊಂದು ಕಡೆ ತಯಾರಾಗಿ ಒಂದುಗೂಡಬೇಕು, ತೀರ್ಮಾನಗಳು ತಡವಾಗುತ್ತಿದ್ದುವು. ತಾಳ್ಮೆಗೆ ಹೆಸರಾದ ಮನುಷ್ಯನಲ್ಲದ ಲಿಯರನು 1962ರಲ್ಲಿ ಎಲ್ಲವನ್ನೂ ಎತ್ತಿಕೊಂಡು ವಿಚಿಟಾಕ್ಕೆ ಬಂದನು. ಆ ಊರಿನಲ್ಲಿ ವಿಮಾನದ ಕೆಲಸ ಬಲ್ಲ ಕೈಗಳಿದ್ದುವು. ನಗರಾಡಳಿತವೂ ಸಾಲಪತ್ರಗಳನ್ನು ಹೊರಡಿಸಿ ಕಾರ್ಖಾನೆಗೆ ಸಹಾಯ ಮಾಡಿತು.

ಇಲ್ಲಿ ಆತನು ಮಾಡಿದ ಒಂದು ಸಾಹಸವನ್ನು ಎಂಜಿನಿಯರುಗಳು ಈಗಲೂ ನೆನೆಯುತ್ತಾರೆ. ಸಾಮಾನ್ಯವಾಗಿ ಹೊಸ ವಿಮಾನ ಮಾಡುವವರು ಮೊದಲು ಒಂದೆರಡು ಮಾದರಿಗಳನ್ನು ಕೈಗೆಲಸದಿಂದ ಕಟ್ಟಿ, ಹಾರಿಸಿ, ಕುಂದುಗಳನ್ನು ತಿದ್ದಿ, ಆ ಮೇಲೆ ಉತ್ಪಾದನೆಯ ಅಚ್ಚುಗಳನ್ನು ಮಾಡಿಸುತ್ತಾರೆ. ಲಿಯರನು ಮೊದಲ ವಿಮಾನವನ್ನೇ ಉತ್ಪಾದನೆಯ ಅಚ್ಚುಗಳಿಂದ ಕಟ್ಟಿಸಿದನು. ಲೆಕ್ಕಾಚಾರ ಸರಿಯಾಗಿದ್ದರೆ ವರ್ಷಗಳು ಉಳಿಯುತ್ತವೆ. ತಪ್ಪಿದರೆ ಅಚ್ಚುಗಳೆಲ್ಲ ಗುಜರಿಗೆ. ತನ್ನ ಹಣವನ್ನೇ ಪಣಕ್ಕಿಟ್ಟವನು ಇಷ್ಟು ಧೈರ್ಯ ಮಾಡಿದ್ದು ಸಣ್ಣ ಮಾತಲ್ಲ.

1963ರ ಅಕ್ಟೋಬರ್ 7ರಂದು ವಿಚಿಟಾದ ಬಯಲಿನ ಮೇಲೆ ಲಿಯರ್‌ಜೆಟ್ 23 ಮೊದಲ ಬಾರಿಗೆ ಹಾರಿತು. ಇಬ್ಬರು ಚಾಲಕರು, ಆರು ಜನ ಪ್ರಯಾಣಿಕರಿಗೆ ಜಾಗ. ಹಿಂಬದಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಜೆಟ್ ಎಂಜಿನುಗಳು. ಸೈನ್ಯದ ವಿಮಾನಗಳಿಗಾಗಿ ಮಾಡಿದ ಎಂಜಿನಿನ ನಾಗರಿಕ ರೂಪವದು. ರೆಕ್ಕೆಗಳ ತುದಿಯಲ್ಲಿ ಕೊಳವೆಯಾಕಾರದ ಇಂಧನದ ಟ್ಯಾಂಕುಗಳು. ವಿಮಾನದ ಒಟ್ಟು ಭಾರ 12,500 ಪೌಂಡುಗಳನ್ನು ಮೀರದಂತೆ ನೋಡಿಕೊಳ್ಳಲಾಗಿತ್ತು. ಆ ಮಿತಿಯೊಳಗಿದ್ದರೆ ಚಿಕ್ಕ ವಿಮಾನಗಳ ಸರಳ ನಿಯಮಗಳು ಅನ್ವಯಿಸುತ್ತಿದ್ದುವು. ಮೀರಿದರೆ ದೊಡ್ಡ ಸಾರಿಗೆ ವಿಮಾನಗಳ ಕಠಿಣ ನಿಯಮಗಳು. ಒಳಗೆ ನೆಟ್ಟಗೆ ನಿಲ್ಲುವುದು ಯಾರಿಗೂ ಸಾಧ್ಯವಿರಲಿಲ್ಲ. ಹಾಗೆಂದು ಆಕ್ಷೇಪಿಸಿದವರಿಗೆ ಲಿಯರನು, ಬೆಲೆಬಾಳುವ ಕಾರಿನಲ್ಲಿಯೂ ಯಾರೂ ನಿಂತು ಪ್ರಯಾಣ ಮಾಡುವುದಿಲ್ಲವಲ್ಲ ಎಂದು ಉತ್ತರಿಸುತ್ತಿದ್ದನೆಂದು ಹೇಳುತ್ತಾರೆ.

ಹಾರಿದ ಎಂಟು ತಿಂಗಳಿಗೆ ದೊಡ್ಡ ಪೆಟ್ಟು ಬಿದ್ದಿತು. 1964ರ ಜೂನ್ 4ರಂದು ಸರ್ಕಾರದ ಪರೀಕ್ಷೆಯ ಹಾರಾಟದಲ್ಲಿ ಮೊದಲ ವಿಮಾನ ಏಳುವಾಗ, ರೆಕ್ಕೆಯ ಮೇಲಿನ ಸ್ಪಾಯ್ಲರುಗಳು ಎತ್ತಿದಂತೆಯೇ ಉಳಿದಿದ್ದುವು. ಗಾಳಿಯ ಆಸರೆಯನ್ನು ಕೆಡಿಸಿ ವಿಮಾನವನ್ನು ಇಳಿಸಲು ನೆರವಾಗುವ ಹಲಗೆಗಳವು. ಮೇಲೇರಲಾರದೆ ವಿಮಾನವು ಹೊಲದಲ್ಲಿ ಇಳಿದು ಸುಟ್ಟುಹೋಯಿತು. ಪುಣ್ಯವಶಾತ್ ಒಳಗಿದ್ದವರು ಪಾರಾದರು. ಕಂಪನಿಗೆ ಇದೇ ಕೊನೆಯೆಂದು ನೋಡಿದವರು ಭಾವಿಸಿದರು. ಆದರೆ ದೋಷ ವಿಮಾನದ ರಚನೆಯದಲ್ಲವೆಂದು ತಿಳಿಯಿತು. ವಿಮೆಯಿಂದ ಬಂದ ಹಣವೇ ಕೈಬರಿದಾಗಿದ್ದ ಕಂಪನಿಯನ್ನು ಮುಂದೆ ನಡೆಸಿತೆಂದು ಬಲ್ಲವರು ಹೇಳುತ್ತಾರೆ. ಅಪಘಾತವಾಗಿ ಎರಡು ತಿಂಗಳು ತುಂಬುವ ಮೊದಲೇ, ಜುಲೈ 31ರಂದು ಲಿಯರ್‌ಜೆಟ್ 23ಕ್ಕೆ ಸರ್ಕಾರದ ಪ್ರಮಾಣಪತ್ರ ದೊರೆಯಿತು. ಇವರಿಗಿಂತ ಮೊದಲೇ ಹಾರಿದ್ದ ಪ್ರತಿಸ್ಪರ್ಧಿ ಜೆಟ್ ಕಮಾಂಡರಿಗೆ ಅದು ದೊರೆತದ್ದು ಅದೇ ವರ್ಷದ ನವೆಂಬರಿನಲ್ಲಿ. ಅಕ್ಟೋಬರಿನಲ್ಲಿ ಮೊದಲ ಗಿರಾಕಿಯ ಕೈಗೆ ವಿಮಾನ ಸೇರಿತು.

ಮುಂದಿನ ಎರಡು ವರ್ಷ ಯೌವನದ ಕಾಲ. 1965ರ ಡಿಸೆಂಬರಿನಲ್ಲಿ ಏಳು ಜನರನ್ನು ಹೊತ್ತು 40,000 ಅಡಿಗಳ ಎತ್ತರವನ್ನು 7 ನಿಮಿಷ 21 ಸೆಕೆಂಡುಗಳಲ್ಲಿ ಏರಿತು. ಯುದ್ಧವಿಮಾನದ ರಕ್ತ ಅದರಲ್ಲಿ ಹರಿಯುತ್ತಿದ್ದುದು ಸುಳ್ಳಲ್ಲ. 1966ರ ಮಾರ್ಚಿನಲ್ಲಿ ಸಾರಿಗೆ ವಿಮಾನಗಳ ಕಠಿಣ ನಿಯಮಗಳಿಗೆ ಒಳಪಟ್ಟ ಲಿಯರ್‌ಜೆಟ್ 24 ಪ್ರಮಾಣಪತ್ರ ಪಡೆಯಿತು. ಅದೇ ಮೇ ತಿಂಗಳಲ್ಲಿ ಅಂಥ ಒಂದು ವಿಮಾನ 50 ಗಂಟೆ 20 ನಿಮಿಷಗಳ ಹಾರಾಟದಲ್ಲಿ ಭೂಮಂಡಲವನ್ನು ಸುತ್ತಿಬಂದಿತು. ಆದರೆ ಬಿಸಿರಕ್ತದ ವಿಮಾನಕ್ಕೆ ಪಳಗಿದ ಕೈ ಬೇಕು. ಹಿಂದೆ ಪಂಖದ ವಿಮಾನಗಳನ್ನು ನಡೆಸಿದವರು ಒಮ್ಮೆಲೆ ಇದಕ್ಕೆ ಏರಿದಾಗ ತೊಡಕುಗಳಾದುವು. ಆರಂಭದ ಆ ವರ್ಷಗಳಲ್ಲಿ ಕೆಲವು ಅಪಘಾತಗಳಲ್ಲಿ ಜನ ಸತ್ತರು. ಮಾರಾಟ ಕುಗ್ಗಿತು, ಸಾಲ ಏರಿತು. 1967ರಲ್ಲಿ ಲಿಯರನು ತನ್ನ ಪಾಲನ್ನು ಗೇಟ್ಸ್ ರಬ್ಬರ್ ಕಂಪನಿಗೆ ಮಾರಿದನು. ಹುಟ್ಟಿಸಿದವನ ಕೈಯಿಂದ ವಿಮಾನ ಜಾರಿತು. ಹೆಸರು ಮಾತ್ರ ಆತನದೇ ಉಳಿಯಿತು.

ಹಡೆದವರು ಬೇರೆ, ಸಾಕಿದವರು ಬೇರೆಯಾದರೂ ಕೂಸು ಚೆನ್ನಾಗಿಯೇ ಬೆಳೆಯಿತು. 1973ರಲ್ಲಿ ಹಾರಿದ ಲಿಯರ್‌ಜೆಟ್ 35ರಲ್ಲಿ ಗ್ಯಾರೆಟ್ ಕಂಪನಿಯ ಟರ್ಬೋಫ್ಯಾನ್ ಎಂಜಿನುಗಳನ್ನು ಕೂಡಿಸಿದರು. ಇಂಥ ಎಂಜಿನಿನಲ್ಲಿ ಮುಂದಿನ ದೊಡ್ಡ ಪಂಖವು ಎಳೆದುಕೊಂಡ ಗಾಳಿಯಲ್ಲಿ ಹೆಚ್ಚಿನ ಭಾಗ ಬೆಂಕಿಯ ಒಲೆಯನ್ನು ಹೊಗದೆ ಸುತ್ತಲಿನಿಂದ ಹಾಯುತ್ತದೆ. ಅದರಿಂದ ಸದ್ದು ತಗ್ಗುತ್ತದೆ, ಇಂಧನ ಉಳಿಯುತ್ತದೆ, ದೂರ ಹೆಚ್ಚುತ್ತದೆ. 1973ರಲ್ಲಿಯೇ ಎಣ್ಣೆಯ ಬೆಲೆ ಜಗತ್ತಿನಾದ್ಯಂತ ಏರಿದ್ದನ್ನು ನೆನೆದರೆ ಈ ಬದಲಾವಣೆ ಎಂಥ ಸಕಾಲದ್ದೆಂಬುದು ತಿಳಿಯುತ್ತದೆ. 1977ರಲ್ಲಿ ಲಿಯರ್‌ಜೆಟ್ 28ರ ರೆಕ್ಕೆಯ ತುದಿಯನ್ನು ಮೇಲಕ್ಕೆ ಬಾಗಿಸಿದರು. ಇಂದು ನಾವು ಹುಬ್ಬಳ್ಳಿಯ ನಿಲ್ದಾಣದಲ್ಲಿ ಕಾಣುವ ವಿಮಾನಗಳಿಗೂ ಅಂಥ ತುದಿಗಳಿವೆ; ಮಾರಾಟದ ಜೆಟ್ ವಿಮಾನಕ್ಕೆ ಅವನ್ನು ಮೊದಲು ಜೋಡಿಸಿದ್ದು ಇಲ್ಲಿ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 1979ರಲ್ಲಿ ಇದೇ ವಿಮಾನವನ್ನು ನಡೆಸಿ ಎತ್ತರದ ದಾಖಲೆಗಳನ್ನು ಮಾಡಿದನು.

ಸಿರಿವಂತರ ವಾಹನವೆಂಬ ಆಕ್ಷೇಪಕ್ಕೂ ಇಲ್ಲಿ ಒಂದು ಮಾತು ಹೇಳಬೇಕು. ಅದು ನಿಜ, ಲಿಯರ್‌ಜೆಟ್ ಎಂಬ ಶಬ್ದವೇ ಅಮೆರಿಕೆಯಲ್ಲಿ ಸಿರಿಯ ಪರ್ಯಾಯವಾಗಿ ಹೋಗಿತ್ತು. ಆದರೆ ಅದೇ ವಿಮಾನ ರೋಗಿಗಳನ್ನು ದೂರದ ಆಸ್ಪತ್ರೆಗೆ ಒಯ್ಯುವ ಆಂಬ್ಯುಲೆನ್ಸ್ ಆಗಿಯೂ ದುಡಿಯಿತು, ದುಡಿಯುತ್ತಿದೆ. ನಾಸಾ ಸಂಸ್ಥೆಯು ಅದರಲ್ಲಿ ದೂರದರ್ಶಕವನ್ನಿಟ್ಟು, ಮೋಡ ಮತ್ತು ನೀರಾವಿಗಳ ಮೇಲಿನಿಂದ ಆಕಾಶದ ಅವಗೆಂಪು ಕಿರಣಗಳನ್ನು ಅಭ್ಯಸಿಸಿತು. ಚಾಕುವಿನಿಂದ ಹಣ್ಣನ್ನೂ ಕೊಯ್ಯಬಹುದು. ಬಳಸುವ ಕೈಯ ಗುಣದೋಷವನ್ನು ಕಮ್ಮಾರನ ತಲೆಗೆ ಕಟ್ಟಲಾಗದು.

ಇನ್ನು ಲಿಯರನ ಕಡೆಗೆ ಬರೋಣ. ವಿಮಾನವನ್ನು ಮಾರಿದರೂ ಆತನು ಸುಮ್ಮನೆ ಕೂಡಲಿಲ್ಲ. ನೆವಾಡಾ ರಾಜ್ಯದ ರೀನೋ ಊರಿನಲ್ಲಿ ಹಬೆಯಿಂದ ಓಡುವ ಬಸ್ಸಿಗಾಗಿ ಬಹಳ ಹಣ ಕಳೆದನು. ಲಿಯರ್‌ಸ್ಟಾರ್ 600 ಎಂಬ ದೊಡ್ಡ ಬಿಸಿನೆಸ್ ಜೆಟ್ಟಿನ ಕಲ್ಪನೆಯನ್ನು 1976ರಲ್ಲಿ ಕೆನಡಾ ದೇಶದ ಕೆನಡೇರ್ ಕಂಪನಿಗೆ ಕೊಟ್ಟನು. ಅವರು ಒಡಲನ್ನು ಅಗಲಗೊಳಿಸಿ ಚಾಲೆಂಜರ್ ಎಂದು ಹೆಸರಿಟ್ಟರು. ಆ ಬದಲಾವಣೆ ಲಿಯರನಿಗೆ ಹಿಡಿಸಲಿಲ್ಲ. 1978ರ ಮೇ 14ರಂದು ಆತನು ತೀರಿಕೊಂಡನು. ಚಾಲೆಂಜರ್ ಹಾರಿದ್ದು ಅದೇ ವರ್ಷದ ನವೆಂಬರಿನಲ್ಲಿ.

ಸಾಯುವಾಗ ಆತನ ಕೈಯಲ್ಲಿ ಇನ್ನೊಂದು ಅಪೂರ್ಣ ಕೆಲಸವಿತ್ತು: ಲಿಯರ್ ಫ್ಯಾನ್ ಎಂಬ ವಿಮಾನ. ಲೋಹದ ಬದಲು ಇಂಗಾಲದ ನಾರಿನಿಂದ ಹೆಣೆದ ಒಡಲು. ಎರಡು ಎಂಜಿನುಗಳ ಬಲದಿಂದ ಬಾಲದಲ್ಲಿ ತಿರುಗುವ ಒಂದೇ ಪಂಖ. ಅದನ್ನು ಮುಗಿಸುವಂತೆ ಆತನು ಕಡೆಯಲ್ಲಿ ಕೇಳಿಕೊಂಡಿದ್ದನೆನ್ನುತ್ತಾರೆ. ಹೆಂಡತಿ ಮೋಯಾ ಲಿಯರ್ ಆ ಭಾರವನ್ನು ಹೊತ್ತಳು. ಉತ್ತರ ಐರ್ಲೆಂಡಿನಲ್ಲಿ ಕಾರ್ಖಾನೆ ತೆರೆಯುವ ಕರಾರಿನ ಮೇಲೆ ಬ್ರಿಟಿಷ್ ಸರ್ಕಾರ ಹಣ ಕೊಟ್ಟಿತು. 1980ನೆಯ ವರ್ಷ ಮುಗಿಯುವುದರೊಳಗೆ ವಿಮಾನ ಹಾರಬೇಕು ಎಂಬ ಷರತ್ತು ಇತ್ತು. ಡಿಸೆಂಬರ್ 31ರಂದು ಬ್ರೇಕಿನ ತೊಂದರೆಯಿಂದ ಅದು ಏಳಲಿಲ್ಲ. ಮರುದಿನ, 1981ರ ಜನವರಿ 1ರಂದು ಹಾರಿತು. ಅಧಿಕಾರಿಗಳು ಆ ದಿನವನ್ನು 1980ರ ಡಿಸೆಂಬರ್ 32 ಎಂದು ಬರೆದುಕೊಂಡರಂತೆ! ಕಾನೂನಿನ ಕಾಗದದಲ್ಲಿಯೂ ಒಮ್ಮೊಮ್ಮೆ ಕರುಣೆ ಇಣುಕುತ್ತದೆ. ಆದರೂ ಆ ವಿಮಾನಕ್ಕೆ ಪ್ರಮಾಣಪತ್ರ ದೊರೆಯಲಿಲ್ಲ. ಮೂರು ವಿಮಾನಗಳನ್ನು ಕಟ್ಟಿದ ಮೇಲೆ 1985ರಲ್ಲಿ ಕಂಪನಿ ದಿವಾಳಿಯಾಯಿತು. ಗಂಡನ ಮಾತನ್ನು ನಡೆಸಿದಳು; ಮಾತು ನಡೆದರೂ ಉದ್ಯಮ ನಡೆಯಲಿಲ್ಲ.

ಲಿಯರ್‌ಜೆಟ್ಟಿನ ಭಾಗ್ಯ ಬೇರೆ ಬಗೆಯದು. ಕೆನಡಾದ ಬೊಂಬಾರ್ಡಿಯರ್ ಕಂಪನಿಯು 1986ರಲ್ಲಿ ಕೆನಡೇರನ್ನು ಕೊಂಡಿತು. 1990ರಲ್ಲಿ ಲಿಯರ್‌ಜೆಟ್ ಕಂಪನಿಯನ್ನೂ ಕೊಂಡಿತು. ಹೀಗೆ ಲಿಯರನ ತಲೆಯಿಂದ ಮೊಳೆತ ಎರಡು ವಿಮಾನಗಳು ಆತನು ಸತ್ತು ಹನ್ನೆರಡು ವರ್ಷಗಳಾದ ಮೇಲೆ ಒಂದೇ ಸೂರಿನಡಿ ಬಂದುವು. 1995ರಲ್ಲಿ ಲಿಯರ್‌ಜೆಟ್ 45 ಹಾರಿತು. ಹಾರಿದ ದಿನ ಅಕ್ಟೋಬರ್ 7, ಮೂವತ್ತೆರಡು ವರ್ಷಗಳ ಹಿಂದೆ ಮೊದಲ ವಿಮಾನ ಹಾರಿದ ದಿನವೇ.

ಆದರೆ ಮುಪ್ಪು ಕಾಲಿಟ್ಟಿತ್ತು. ವಿಚಿಟಾದಲ್ಲಿಯೇ ನೆರೆಯವರಾದ ಸೆಸ್ನಾ ಕಂಪನಿ 1969ರಲ್ಲಿ ಸಿಟೇಶನ್ ಎಂಬ ಜೆಟ್ಟನ್ನು ಹಾರಿಸಿತ್ತು. ಅದು ಲಿಯರ್‌ಜೆಟ್ಟಿನಷ್ಟು ಓಡುತ್ತಿರಲಿಲ್ಲ. ಆದರೆ ನಡೆಸಲು ಸುಲಭ, ಸಾಕಲು ಅಗ್ಗ. ಮುಂದೆ ಬ್ರೆಜಿಲ್ಲಿನ ಎಂಬ್ರೇಯರ್ ಕಂಪನಿಯ ಫೆನಮ್ 300 ಬಂದಿತು. ಇವುಗಳಲ್ಲಿ ಹಲವು ಚಿಕ್ಕ ವಿಮಾನಗಳ ಸರಳ ನಿಯಮದಡಿ ಪ್ರಮಾಣಪತ್ರ ಪಡೆದುವು. ಲಿಯರ್‌ಜೆಟ್ 24ರ ಕಾಲದಿಂದ ದೊಡ್ಡ ವಿಮಾನಗಳ ನಿಯಮಕ್ಕೆ ಒಳಪಟ್ಟ ಲಿಯರ್‌ಜೆಟ್ಟಿಗೆ ಆ ಖರ್ಚು ಹೊರೆಯಾಯಿತು. ಯಾವ ಹಗುರ ನಿಯಮದ ಅನುಕೂಲದಿಂದ ಅದು ಹುಟ್ಟಿತ್ತೋ ಅದೇ ಅನುಕೂಲ ಈಗ ಎದುರಾಳಿಗಳ ಪಾಲಾಗಿತ್ತು. ಇಂಗಾಲದ ನಾರಿನ ಒಡಲಿನ ಲಿಯರ್‌ಜೆಟ್ 85 ಎಂಬ ಹೊಸ ವಿಮಾನ 2014ರಲ್ಲಿ ಹಾರಿತಾದರೂ, ಕೊಳ್ಳುವವರು ಸಾಕಷ್ಟಿಲ್ಲದೆ 2015ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. 2021ರ ಫೆಬ್ರುವರಿಯಲ್ಲಿ ಬೊಂಬಾರ್ಡಿಯರ್ ಲಿಯರ್‌ಜೆಟ್ಟಿನ ಉತ್ಪಾದನೆಯನ್ನು ನಿಲ್ಲಿಸಿ, ಚಾಲೆಂಜರ್ ಮತ್ತು ಗ್ಲೋಬಲ್ ವಿಮಾನಗಳ ಕಡೆಗೆ ಗಮನ ಕೊಡುವುದಾಗಿ ಸಾರಿತು. ಆಗ ಸಾರಿದ ಸುಮಾರು 1,600 ಹುದ್ದೆಗಳ ಕಡಿತದಲ್ಲಿ 250 ವಿಚಿಟಾದವು. 2022ರ ಮಾರ್ಚ್ 28ರಂದು ಕೊನೆಯ ಲಿಯರ್‌ಜೆಟ್ 75 ಗಿರಾಕಿಗೆ ಸೇರಿತು. ಮೊದಲ ಹಾರಾಟದಿಂದ ಐವತ್ತೆಂಟು ವರ್ಷಗಳು, ಮೂರು ಸಾವಿರಕ್ಕೂ ಹೆಚ್ಚು ವಿಮಾನಗಳು. ತನ್ನ ಹೆಸರು ಹೊತ್ತ ಕೂಸು ನಿಂತಿತು. ತಾನು ಮೆಚ್ಚದೆ ಬಿಟ್ಟ ಕೂಸು ಉಳಿಯಿತು.

ಆ ಸುದ್ದಿಯನ್ನು ವಿಚಿಟಾದ ಹುಡುಗನು ಫೋನಿನಲ್ಲಿ ಹೇಳಿದ ದಿನಗಳಲ್ಲಿಯೇ ಊರಿನಲ್ಲಿ ಹಿರಿಯವನು ನಮ್ಮ ಬಳಿ ಬಂದು ಕುಳಿತನು. ಅಣ್ಣನವರು 2019ರಲ್ಲಿ ತೀರಿಕೊಂಡಿದ್ದರು. ಗೋವಿನಜೋಳದ ಹೊಲಗಳಿಗೆ ಈಗ ಕೊಯ್ದು ರಾಶಿ ಮಾಡುವ ದೊಡ್ಡ ಯಂತ್ರಗಳು ಬಾಡಿಗೆಗೆ ಬರುತ್ತವೆ. ಹೊಸ ರಾಶಿ ಯಂತ್ರವನ್ನು ಕೇಳಿಕೊಂಡು ಬರುವವರು ವರ್ಷಕ್ಕೆ ಮೂರುನಾಲ್ಕು ಜನ. ಎಂಟು ಜನ ಕೆಲಸಗಾರರ ಸಂಬಳಕ್ಕಾಗಿ ಹೊಲವೊಂದನ್ನು ಆಗಲೇ ಅಡವು ಹಾಕಿತ್ತು. “ಕಾಕಾ, ಅಪ್ಪನ ಹೆಸರು ಹೇಳಾಕ ಇದೊಂದ ಉಳದೈತ್ರಿ. ಮುಚ್ಚಿದ್ರ ಮಂದಿ ಏನಂತಾರು? ಮುಚ್ಚಲಿಲ್ಲಂದ್ರ ಹೊಲ ಉಳಿಯೂದಿಲ್ಲ” ಎಂದನು. ನಲವತ್ತೈದು ದಾಟಿದ ಗಂಡಸು ಕಣ್ಣೊರೆಸಿಕೊಂಡದ್ದನ್ನು ನಾವು ಕಂಡೆವು.

ಅತ್ತಿಗೆಯವರು ಒಳಗಿನಿಂದಲೇ, “ಮುಂಗಡ ಇಸಕೊಂಡ ಯಂತ್ರ ಎರಡು ಅದಾವು. ಅವು ಮೊದಲ ಮುಗೀಲಿ. ಮುಚ್ಚೂದು ಬಿಡೂದು ಆಮ್ಯಾಲಿನ ಮಾತು” ಎಂದರು. ಮೋಯಾ ಲಿಯರಳ ಕಥೆಯನ್ನು ಅವರು ಕೇಳಿದವರಲ್ಲ. ಆದರೂ ಕೊಟ್ಟ ಮಾತಿಗೂ ನಡೆಸುವ ಉದ್ಯಮಕ್ಕೂ ನಡುವೆ ಇರುವ ಗೆರೆಯನ್ನು ಅವರು ಒಂದೇ ಮಾತಿನಲ್ಲಿ ಎಳೆದಿದ್ದರು. ಮಾತನ್ನು ಪೂರೈಸುವುದು ಧರ್ಮ. ಉದ್ಯಮವನ್ನು ಎಂದೆಂದಿಗೂ ಎಳೆಯುವುದು ಧರ್ಮವಲ್ಲ.

ನಾವು ಹುಡುಗನಿಗೆ ಲಿಯರ್‌ಜೆಟ್ಟಿನ ಬಾಳನ್ನು ಹೇಳಿದೆವು. ಕೊನೆಯ ವಿಮಾನ ಹೊರಬಿದ್ದ ಮೇಲೆ ವಿಚಿಟಾದ ಕಾರ್ಖಾನೆಗೆ ಬೀಗ ಬೀಳಲಿಲ್ಲ. ಅಲ್ಲಿ ವಿಮಾನಗಳ ದುರಸ್ತಿ ನಡೆಯುತ್ತದೆ, ಹೊಸ ವಿಮಾನಗಳ ಪರೀಕ್ಷಾ ಹಾರಾಟ ನಡೆಯುತ್ತದೆ. ಹಾರುತ್ತಿರುವ ಸಾವಿರಾರು ಹಳೆಯ ಲಿಯರ್‌ಜೆಟ್ಟುಗಳಿಗೆ ಬಿಡಿಭಾಗಗಳನ್ನು ಒದಗಿಸುವ ಹೊಣೆಯನ್ನು ಕಂಪನಿ ಬಿಟ್ಟಿಲ್ಲ. ಮಾಡುವುದು ನಿಂತರೂ ಮಾಡಿದ್ದನ್ನು ಕಾಯುವುದು ನಿಲ್ಲಲಿಲ್ಲ. ಇಷ್ಟು ಕೇಳಿ ಅವನು ಬಹಳ ಹೊತ್ತು ಸುಮ್ಮನಿದ್ದು, ಅಪ್ಪ ಮಾಡಿದ ಯಂತ್ರಗಳು ಸುತ್ತಲಿನ ಹಳ್ಳಿಗಳಲ್ಲಿ ಎಷ್ಟಿವೆಯೆಂದು ಬೆರಳೆಣಿಸತೊಡಗಿದನು. ನಾನೂರು ದಾಟಿದುವು. ಆ ವರ್ಷದ ಕೊನೆಗೆ ಎರಡು ಯಂತ್ರಗಳನ್ನು ಮುಗಿಸಿಕೊಟ್ಟು, ಹೊಸದನ್ನು ಮಾಡುವುದನ್ನು ನಿಲ್ಲಿಸಿದರು. ಇಂದು ಅಲ್ಲಿ ಹಳೆಯ ರಾಶಿ ಯಂತ್ರಗಳ ಮತ್ತು ಟ್ರ್ಯಾಕ್ಟರಿನ ಸಾಮಾನುಗಳ ದುರಸ್ತಿ ನಡೆಯುತ್ತದೆ. ಎಂಟು ಜನರಲ್ಲಿ ನಾಲ್ವರು ಉಳಿದರು. ಇಬ್ಬರು ಸ್ವಂತ ವೆಲ್ಡಿಂಗ್ ಅಂಗಡಿ ಹಾಕಿಕೊಂಡರು. ಇನ್ನಿಬ್ಬರು ಊರು ಬಿಟ್ಟು ಹೋದರು. ಹೋದವರ ನೋವನ್ನು ಯಾವ ದೃಷ್ಟಾಂತವೂ ಕಳೆಯಲಾರದು. ಹೊಲ ಮಾತ್ರ ಅಡವಿನಿಂದ ಬಿಡುಗಡೆಯಾಗಿದೆ.

ನಮ್ಮ ಸಮಾಜದ ಅನೇಕ ಮನೆತನಗಳು ಇಂದು ಇಂಥ ಕವಲುದಾರಿಯಲ್ಲಿ ನಿಂತಿವೆ. ಅಜ್ಜ ಹಾಕಿದ ಗಾಣ, ತಂದೆ ನಡೆಸಿದ ಜಿನ್ನಿಂಗ್ ಗಿರಣಿ, ಮೂರು ತಲೆಮಾರಿನ ಬಟ್ಟೆಯ ಅಂಗಡಿ, ಇವುಗಳನ್ನು ಮುಂದುವರಿಸಬೇಕೆ, ನಿಲ್ಲಿಸಬೇಕೆ ಎಂಬ ಚಿಂತೆಯಲ್ಲಿ ಎಷ್ಟೋ ಮಂದಿ ನಿದ್ರೆ ಕಳೆದುಕೊಳ್ಳುತ್ತಾರೆ. ನಿಲ್ಲಿಸಿದರೆ ಹಿರಿಯರಿಗೆ ದ್ರೋಹವೆಂದು ಭಾವಿಸುತ್ತಾರೆ. ಹಿರಿಯರು ನಮಗೆ ಬಿಟ್ಟುಹೋದದ್ದು ಕಟ್ಟಡವನ್ನೋ ಫಲಕವನ್ನೋ ಅಲ್ಲ, ಒಂದು ಕೆಲಸವನ್ನು ಗಟ್ಟಿಯಾಗಿ ಮಾಡುವ ಬಗೆಯನ್ನು ಎಂದು ತಿಳಿದರೆ ಈ ಭಾರ ಎಷ್ಟೋ ಹಗುರಾಗುತ್ತದೆ. ಸರೋವರಕ್ಕೆ ಬಿದ್ದ ಯುದ್ಧವಿಮಾನದ ರೆಕ್ಕೆ ಬೇರೊಂದು ದೇಶದಲ್ಲಿ, ಬೇರೊಂದು ಹೆಸರಿನಲ್ಲಿ ಆಕಾಶಕ್ಕೆ ಏರಿತು. ಅದನ್ನು ಏರಿಸಿದವನ ಹೆಸರಿನ ವಿಮಾನ ನಿಂತ ಮೇಲೆಯೂ, ಬಾಗಿದ ರೆಕ್ಕೆತುದಿಯ ವಿದ್ಯೆ ಲೋಕದ ವಿಮಾನಗಳಲ್ಲೆಲ್ಲ ಹರಡಿಕೊಂಡಿದೆ. ಒಳ್ಳೆಯ ಕೆಲಸಕ್ಕೆ ಮಾಡಿದವನ ಆಯುಷ್ಯವೇ ಮಿತಿಯಲ್ಲ. ಮಾಡಿದ ಕಾರ್ಖಾನೆಯ ಆಯುಷ್ಯವೂ ಮಿತಿಯಲ್ಲ. ಅದನ್ನು ಎತ್ತಿಕೊಳ್ಳುವ ಕೈಗಳು ಎಲ್ಲಿಯೋ ಸಿದ್ಧವಾಗುತ್ತಿರುತ್ತವೆ. ನಾವು ಮಾಡಬೇಕಾದದ್ದು ಇಷ್ಟೇ: ರೆಕ್ಕೆ ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು.